ಹುಣಸೆಮರದ ಬೀದಿಯ ಮಜ್ಜಿಗೆ

ಹೊಂಡದಪುರ ನಗರಸಭೆ,
ಸಭಾಂಗಣದ ಹೊರಗಿನ ಬೆಂಚು,
ಫೆಬ್ರವರಿ ೩೦, ೨೨೪೧

ಸಕಲ ಪೂರ್ವಜರ, ಅವರ ಬಂಧುಬಾಂಧವರ ಹಾಗೂ ತಮಗೆ ಬಂಧುಬಾಂಧವರೇ ಇಲ್ಲವೆಂದು ಕಚೇರಿಯಲ್ಲಿ ಹೇಳಿಕೊಳ್ಳುವವರ ಅವಗಾಹನೆಗೆ ಈ ಮೂಲಕ ಸಾರುವುದೇನೆಂದರೆ: ನಿನ್ನೆ ಮಧ್ಯಾಹ್ನ, ಹಾಡಹಗಲಿನಲ್ಲಿ, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ, ಹೊಂಡದಪುರ ನಗರಸಭೆಯ ನೌಕರನಾದ ಮುದ್ದುರಂಗ ಎಂಬ ನಾನು ಒಂದು ಲೋಟ ಮಜ್ಜಿಗೆ ಕುಡಿದೆ. ಅದಕ್ಕೆ ಇಂಗು, ಕರಿಬೇವು ಹಾಕಿತ್ತು. ತಳದಲ್ಲಿ ಏನೂ ಉಳಿಸಲಿಲ್ಲ.

ತಾರೀಖು ನೋಡಿ ಪತ್ರವನ್ನು ಮಡಚಿಡಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಪಂಚಾಂಗ ತಿದ್ದಲು ಕೂತ ಸಮಿತಿಯವರು ತಾವು ಹುಟ್ಟಿದ ತಿಂಗಳ ಬಗ್ಗೆ ಮತ ಹಾಕುವಂತಿರಲಿಲ್ಲ. ಜನವರಿಯಲ್ಲಿ ಹುಟ್ಟಿದವರು ಅವರಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆ ಬಡಪಾಯಿ ತಿಂಗಳೊಂದರಿಂದಲೇ ಸರ್ವಾನುಮತದಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಸೇರಿಸಲು ಸಾಧ್ಯವಾಯಿತು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮೆಯಿರಲಿ. ನೀವು ಹಿತಾಸಕ್ತಿ ಸಂಘರ್ಷ ಎಂದು ಹಲ್ಲು ಕಚ್ಚಿ ಉಚ್ಚರಿಸುತ್ತಿದ್ದುದನ್ನು ನಾವು ಒಳನಂಟು ಎನ್ನುತ್ತೇವೆ. ಈ ಪತ್ರ ನಿಮ್ಮನ್ನು ಮುಟ್ಟುವುದು ಹಿಂದಂಚೆಯಲ್ಲಿ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಸ್ವಂತ ಪೂರ್ವಜರಿಗೆ ಬರೆಯುವುದು ಇಲ್ಲಿ ಅಪರಾಧ. ಯಾವ ಬಡಾವಣೆಯಲ್ಲಿ ಸೈಟು ಕೊಳ್ಳಬೇಕೆಂದು ಜನ ಬರೆದುಬಿಡುತ್ತಾರೆ. ನನ್ನ ಪೂರ್ವಜರು ಯಾರೆಂಬುದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಅನುಮತಿ ಸಲೀಸಾಗಿ ಸಿಕ್ಕಿತು.

ನಗರಸಭೆಯ ಪ್ರತಿಯೊಬ್ಬ ನೌಕರನ ಕೊರಳಲ್ಲೂ ಒಂದು ನಂಟುಗಂಟೆ ಇರುತ್ತದೆ. ನಾಲ್ಕು ತಲೆಮಾರಿನೊಳಗಿನ ರಕ್ತಸಂಬಂಧಿ ಹತ್ತಿರ ಸುಳಿದರೆ ಸಾಕು, ಅದು ತಾನಾಗಿ ಬಾರಿಸುತ್ತದೆ. ಗಂಟೆ ಬಾರಿಸಿದ ಕಡೆ ಸಹಿ ಹಾಕುವಂತಿಲ್ಲ. ನಮ್ಮದು ಹಳೆಯ ಊರು, ಎಲ್ಲರೂ ಎಲ್ಲರನ್ನೂ ಮದುವೆಯಾಗಿರುವ ಊರು. ಹಾಗಾಗಿ ನಮ್ಮ ಸಾಮಾನ್ಯ ಸಭೆ ಸೇರಿತೆಂದರೆ ಸಂಜೆ ಹೊತ್ತು ದನಗಳು ಕೊಟ್ಟಿಗೆಗೆ ಮರಳಿದ ಹಾಗೆ ಕೇಳಿಸುತ್ತದೆ. ಬಾಯಿಮಾತಿನ ನಂಟಿಗೂ ಕಟ್ಟಳೆಯಿದೆ. ನೌಕರರನ್ನು ಅಣ್ಣ, ಅಕ್ಕ, ಮಾವ ಎಂದು ಯಾರೂ ಕರೆಯಕೂಡದು. ಬದನೆಕಾಯಿ ಮಾರುವವಳು ನನ್ನನ್ನು ಕಂಡರೆ "ಸಂಬಂಧ ಇಲ್ದೋರೇ, ಎಳೇ ಕಾಯಿ ಐತೆ, ನೋಡ್ರಿ" ಎಂದು ಕೂಗುತ್ತಾಳೆ. ಊಟ ಆಯ್ತಾ ಎಂದು ಕೇಳಿದರೆ "ವಿಷಯ ಪರಿಶೀಲನೆಯಲ್ಲಿದೆ" ಎನ್ನಬೇಕು. ಆಗಿಲ್ಲವೆಂದರೆ ಎಲ್ಲಿ ಎಲೆ ಹಾಕಿಬಿಡುತ್ತಾರೋ ಎಂಬ ಭಯ. ಸಂಕ್ರಾಂತಿಯ ದಿನ ನೌಕರರು ಮನೆಯಿಂದ ಹೊರಗೇ ಬರುವುದಿಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ಬೀದಿಬೀದಿಯಲ್ಲಿ ಕೈಗೆ ಹಾಕುತ್ತೀರಲ್ಲ, ಇಂಥದ್ದನ್ನು ತೆಗೆದುಕೊಂಡು ಇಂಥದ್ದನ್ನು ಮಾಡು ಎಂದು ಇಷ್ಟು ಬಿಚ್ಚಿ ಹೇಳುವ ಕೊಡುಕೊಳ್ಳುವಿಕೆ ನಮ್ಮ ಕಾನೂನು ಪಂಡಿತರ ಕಣ್ಣಿಗೆ ಬೇರೊಂದು ಬಿದ್ದಿಲ್ಲ.

ಕ್ಷಮಿಸಿ, ನಡುವೆ ಎದ್ದುಹೋಗಿ ಬಂದೆ. ಹೊಟ್ಟೆ ಸರಿಯಿಲ್ಲ. ಅದರ ಕಥೆಯನ್ನೇ ಹೇಳಬೇಕಾಗಿದೆ.

ಗಂಟೆ ಬಾರಿಸುವವರು ಸಹಿ ಹಾಕುವಂತಿಲ್ಲ, ಊರಲ್ಲಿ ಎಲ್ಲರ ಗಂಟೆಯೂ ಬಾರಿಸುತ್ತದೆ. ಹಾಗಾದರೆ ಸಹಿ ಹಾಕುವವರು ಯಾರು? ಅದಕ್ಕೆಂದೇ ನಮ್ಮಂಥ ಒಂಟಿಗರಿದ್ದೇವೆ. ತಂದೆತಾಯಿ ಯಾರೆಂದು ತಿಳಿಯದವರನ್ನು ಹುಡುಕಿ, ಊರಾಚೆಯ ಹಾಸ್ಟೆಲಿನಲ್ಲಿ ಇಟ್ಟು, ಯಾರ ಮನೆಯ ಹೊಸ್ತಿಲನ್ನೂ ದಾಟದಂತೆ, ಯಾರ ಮನೆಯ ನೀರನ್ನೂ ಮುಟ್ಟದಂತೆ ಬೆಳೆಸುತ್ತಾರೆ. ಇಬ್ಬರಿದ್ದೆವು. ವಿಮಲರಾಜ ಹೋದ ಶ್ರಾವಣದಲ್ಲಿ ಹುಣಸೆಮರದ ಬೀದಿಯ ಹುಡುಗಿಯನ್ನು ಮದುವೆಯಾಗಿ ಸುಖವಾಗಿಯೂ ನಿರುಪಯೋಗಿಯಾಗಿಯೂ ಇದ್ದಾನೆ. ಉಳಿದವನು ನಾನೊಬ್ಬ. ಈ ನಲವತ್ತು ವರ್ಷದಲ್ಲಿ ನನ್ನ ಗಂಟೆ ಒಮ್ಮೆಯೂ ಬಾರಿಸಿಲ್ಲ. ಕೆಟ್ಟಿದೆಯೇನೋ ಎಂದು ಎರಡು ಸಲ ರಿಪೇರಿಗೆ ಕೊಟ್ಟಿದ್ದೆ. ಕೆಟ್ಟಿರಲಿಲ್ಲ.

ಇಷ್ಟೆಲ್ಲ ಏಕೆ ಎಂದು ನೀವು ನಗುತ್ತಿರಬಹುದು. ನಿಮ್ಮಿಂದಲೇ. ನಮ್ಮ ಶಾಲೆಗಳಲ್ಲಿ ಒಬ್ಬಟ್ಟಿನ ಸಹಿ ಎಂಬ ಪಾಠವಿದೆ. ನಿಮ್ಮ ಕಾಲದಲ್ಲಿ ಹುಣಸೆಮರದ ಬೀದಿಗೆ ನೀರಿನ ಕೊಳವೆ ಹಾಕುವ ಗುತ್ತಿಗೆ ಹಿಡಿದವನು ಎಂಜಿನಿಯರರ ಬಾಮೈದ. ಎರಡು ಗುಂಡಿ ತೋಡುವುದೇಕೆಂದು ಆತ ಕುಡಿಯುವ ನೀರಿನ ಕೊಳವೆಯನ್ನೂ ಚರಂಡಿಯ ಕೊಳವೆಯನ್ನೂ ಒಂದೇ ಗುಂಡಿಯಲ್ಲಿ, ಅವಳಿಜವಳಿಗಳಂತೆ ಮಲಗಿಸಿದ. ಕೆಲಸ ಸರಿಯಾಗಿದೆ ಎಂಬ ಕಾಗದಕ್ಕೆ ಎಂಜಿನಿಯರರು ಸಹಿ ಹಾಕಿದ್ದು ಅದೇ ಬಾಮೈದನ ಗೃಹಪ್ರವೇಶದಲ್ಲಿ, ಎಲೆಯ ಮುಂದೆ ಕೂತು, ಒಬ್ಬಟ್ಟಿಗೂ ಅನ್ನಕ್ಕೂ ನಡುವೆ. ಆ ಕೊಳವೆಗಳು ಎಂದೋ ತುಕ್ಕು ಹಿಡಿದು ಹೋದವು. ಆದರೆ ಹಳೆಯ ಗುಂಡಿಗೇ ಹೊಸ ಕೊಳವೆ ಹಾಕಲು ಯಾರ ಸಹಿಯೂ ಬೇಕಿಲ್ಲ. ಗುಂಡಿಯ ಜಾಗ ಬದಲಿಸಲು ಬೇಕು. ಆದ್ದರಿಂದ ಇನ್ನೂರು ವರ್ಷಗಳಿಂದ ಕೊಳವೆ ಬದಲಾಗುತ್ತಲೇ ಇದೆ, ಗುಂಡಿ ಇದ್ದಲ್ಲೇ ಇದೆ. ಆ ಬೀದಿಯ ಮಕ್ಕಳಿಗೆ ಬೇಸಿಗೆ ಬಂತೆಂದರೆ ವಾಂತಿಭೇದಿ.

ಅದನ್ನು ಪರೀಕ್ಷಿಸಲು ಒಂಟಿಗರು ಹಿಂದೆಯೂ ಹೋಗಿದ್ದಾರೆ, ನಾನೂ ಹೋಗಿದ್ದೇನೆ. ಬೀದಿಯ ನೀರು ಕುಡಿದರೆ ಬೀದಿಯ ನಂಟು ಅಂಟುತ್ತದೆ ಎಂದು ದೂರ ನಿಂತು ನೋಡಿ, "ನೀರು ನೀರಿನಂತೆ ಕಾಣುತ್ತಿದೆ" ಎಂದು ವರದಿ ಬರೆದು ಬಂದಿದ್ದೇವೆ. ಆ ನೀರನ್ನು ಬಲ್ಲವರು ಸಹಿ ಹಾಕುವಂತಿರಲಿಲ್ಲ, ಸಹಿ ಹಾಕಬಲ್ಲವರು ಅದನ್ನು ಬಾಯಿಗೆ ಹಾಕುವಂತಿರಲಿಲ್ಲ. ನಮ್ಮ ಕಟ್ಟಳೆಯಲ್ಲಿ ಇಂಥದ್ದೊಂದು ತೂತಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ನಿನ್ನೆ ಮತ್ತೆ ಹೋದೆ. ಬೀದಿಯ ತುದಿಮನೆಯ ದೇವೀರಮ್ಮ ಎಂದಿನಂತೆ ಜಗಲಿಯ ಮೇಲೆ ಲೋಟ ಹಿಡಿದು ನಿಂತಿದ್ದಳು. ನಾನು ಬಂದಾಗಲೆಲ್ಲ ಆಕೆ ಮಜ್ಜಿಗೆ ತರುವುದು, ನಾನು ಕೈಮುಗಿಯುವುದು, ಆಕೆ ಅದನ್ನು ತುಳಸಿಯ ಬುಡಕ್ಕೆ ಚೆಲ್ಲುವುದು ವರ್ಷಗಳಿಂದ ನಡೆದು ಬಂದ ಪದ್ಧತಿ.

"ತಗೋ ಮಗಾ," ಎಂದಳು.

"ಮಗಾ ಅನ್ನಂಗಿಲ್ಲ ಕಣಮ್ಮ. ಬರ್ಕೊಬೇಕಾಗುತ್ತೆ."

"ಬರ್ಕೊ. ಒತ್ತು ಕೊಟ್ಟು ಬರ್ಕೊ. ಬಿಸಿಲಲ್ಲಿ ಹಪ್ಪಳ ಆಗಿದ್ದೀಯ. ಒಂದು ಲೋಟದಲ್ಲಿ ಎಷ್ಟು ಲಂಚ ಹಿಡಿಸುತ್ತೆ, ಹೇಳು."

"ಕಟ್ಟಳೆ ಅಂದ್ಮೇಲೆ ಕಟ್ಟಳೆ."

"ಆಯ್ತಪ್ಪ. ನಿನಗೆ ಕೊಟ್ಟೂ ಕೊಟ್ಟೂ ನನ್ನ ತುಳಸಿ ಸತ್ತೋಯ್ತು, ನೋಡಿಲ್ಲಿ. ಈ ಲೋಟ ಇನ್ಯಾರಿಗೆ ಚೆಲ್ಲಲಿ?"

ನೋಡಿದೆ. ತುಳಸಿ ನಿಜವಾಗಿಯೂ ಒಣಗಿ ಕಡ್ಡಿಯಾಗಿತ್ತು. ಅದೇಕೋ ಆಗ ನನಗೆ ಕಟ್ಟಳೆ ನೆನಪಾಗಲಿಲ್ಲ. ಲೋಟ ತೆಗೆದುಕೊಂಡು ಕುಡಿದೆ. ಯಾರದೋ ಮನೆಯ ಮಜ್ಜಿಗೆ ಹೇಗಿರುತ್ತದೆಂದು ಈ ವಯಸ್ಸಿಗೆ ಗೊತ್ತಾಯಿತು. ಸಂಜೆಯ ಹೊತ್ತಿಗೆ ಹುಣಸೆಮರದ ಬೀದಿಯ ನೀರು ಹೇಗಿದೆಯೆಂಬುದೂ ಗೊತ್ತಾಯಿತು. ತುಳಸಿಯ ಸಾವಿನ ಕಾರಣವೂ ತಿಳಿದಂತಾಯಿತು.

ಇಂದು ಬೆಳಿಗ್ಗೆ ಆಯುಕ್ತರಾದ ಖುರ್ಷಿದಾ ಬೇಗಂ ಅವರ ಕೋಣೆಗೆ ಹೋಗಿ, ಗುಂಡಿ ಬದಲಿಸಲೇಬೇಕು, ನೀರು ಕೆಟ್ಟಿದೆ, ನಾನೇ ಬಲ್ಲೆ ಎಂದೆ. ಹೇಗೆ ಬಲ್ಲಿರಿ ಎಂದರು. ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿದರು.

"ಕುಡಿದಿದ್ದನ್ನ ಯಾರಾದ್ರೂ ನೋಡಿದ್ರಾ?"

"ಕೊಟ್ಟೋಳು ಬಿಟ್ರೆ ಯಾರೂ ಇಲ್ಲ ಮೇಡಂ. ಹೊಟ್ಟೆ ಒಂದು ನೋಡಿದೆ."

"ಹೊಟ್ಟೇನ ಸಾಕ್ಷಿ ಕಟ್ಟೆಗೆ ಕರೆಯೋಕಾಗಲ್ಲ, ಮುದ್ದುರಂಗ." ಆಮೇಲೆ ದನಿ ತಗ್ಗಿಸಿ, "ನಮ್ಮ ಚಿಕ್ಕಮ್ಮನ ಮೊಮ್ಮಗಳು ಅದೇ ಬೀದಿ. ಆಸ್ಪತ್ರೆಲಿದ್ದಾಳೆ. ಇದನ್ನ ನಿಮಗೆ ನಾನು ಹೇಳೋ ಹಾಗಿಲ್ಲ. ಹೇಳಿಲ್ಲ ಅನ್ಕೊಳ್ಳಿ," ಎಂದರು.

ಹೊರಗೆ ಬಂದು ಈ ಬೆಂಚಿನ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಮಜ್ಜಿಗೆಯ ಮಾತನ್ನು ನುಂಗಿಕೊಂಡು ಸಹಿ ಹಾಕಿದರೆ ನಾಳೆಯೇ ಹೊಸ ಗುಂಡಿ, ವಾರದಲ್ಲಿ ಒಳ್ಳೆಯ ನೀರು, ಆ ಮಗು ಮನೆಗೆ. ಒಂದು ಸಹಿ, ಯಾರಿಗೇನು ನಷ್ಟ? ಹೀಗೆಂದುಕೊಂಡೊಡನೆ ಕೈ ಹಿಂದೆಗೆಯಿತು. ನಿಮ್ಮ ಎಂಜಿನಿಯರರೂ ಒಬ್ಬಟ್ಟಿನ ಮುಂದೆ ಇದೇ ಮಾತನ್ನು ತಮಗೆ ತಾವೇ ಹೇಳಿಕೊಂಡಿರಬೇಕು. ಅವರೂ ಕೆಟ್ಟವರೇನಲ್ಲ, ಬಾಮೈದನ ಮೇಲೆ ಅಕ್ಕರೆಯಿದ್ದವರು. ನನ್ನ ಸಹಿ ಒಳ್ಳೆಯದಕ್ಕೆ, ಅವರದು ಕೆಟ್ಟದ್ದಕ್ಕೆ ಎಂದು ಆಮೇಲೆ ನೋಡಿದವರಿಗೆ ಗೊತ್ತಾಗುವ ಬಗೆ ಹೇಗೆ? ಎರಡೂ ಒಂದೇ ಮಸಿ. ಸಹಿ ಹಾಕದಿದ್ದರೋ, ಇನ್ನೊಬ್ಬ ಒಂಟಿಗ ಬೆಳೆದು ದೊಡ್ಡವನಾಗುವ ತನಕ ಆ ಮಕ್ಕಳು ಅದೇ ನೀರು ಕುಡಿಯಬೇಕು. ಕೊನೆಗೆ ಬೆಂಚಿನಿಂದ ಎದ್ದು ಗಡಿಯಾರದ ಕಂಬದ ಕೆಳಗೆ ಹೋಗಿ, ತಮಟೆಯವನನ್ನು ಕರೆಸಿ, ಈ ಪತ್ರದ ತಲೆಯಲ್ಲಿರುವ ಸಾರಿಕೆಯನ್ನು ಊರಿಗೆಲ್ಲ ಕೇಳುವಂತೆ ಸಾರಿದೆ. ರಕ್ತದ ನಂಟಿಗೆ ಗಂಟೆಯಿದೆ. ಅನ್ನನೀರಿನ ನಂಟನ್ನು ನೌಕರನೇ ತನ್ನ ಬಾಯಿಂದ ಸಾರಬೇಕೆಂಬುದು ಕಟ್ಟಳೆ. ಜನ ಚಪ್ಪಾಳೆ ತಟ್ಟಲಿಲ್ಲ. "ಅಯ್ಯೋ, ಇದ್ದ ಒಬ್ಬನೂ ಕೆಟ್ಟ" ಎಂದರು. ಹುಣಸೆಮರದ ಬೀದಿಯವರಂತೂ ಮುಖ ತಿರುಗಿಸಿಕೊಂಡು ಹೋದರು.

ದೇವೀರಮ್ಮ ಮಾತ್ರ ಮುಖ ತಿರುಗಿಸಲಿಲ್ಲ. ಮನೆಗೆ ಹೋಗಿ, ಸೊಸೆಯ ತಲೆಯ ಮೇಲೆ ದೊಡ್ಡ ಗಡಿಗೆ ಹೊರಿಸಿಕೊಂಡು, ನೆಟ್ಟಗೆ ಸಭಾಂಗಣಕ್ಕೆ ಬಂದಿದ್ದಾಳೆ. ಬಾಗಿಲು ತೆರೆದಿದೆ, ನಾನು ಮರಳಿ ಬಂದು ಕೂತಿರುವ ಈ ಬೆಂಚಿಗೆ ಎಲ್ಲವೂ ಕೇಳಿಸುತ್ತದೆ.

"ಕುಡಿದೋನು ಸಹಿ ಹಾಕಂಗಿಲ್ಲ. ಕುಡೀದೋರಿಗೆ ನೀರು ಕೆಟ್ಟಿರೋದು ಗೊತ್ತಾಗಲ್ಲ. ಅಲ್ವಾ? ಅದಕ್ಕೇ ಎಲ್ಲರಿಗೂ ತಂದಿದ್ದೀನಿ. ಕುಡೀರಿ."

ಹಾಸ್ಯವಲ್ಲ ಇದು. ಉಸಿರಾಡುವವರೆಲ್ಲರಿಗೂ ಗಾಳಿಯೊಡನೆ ಒಳನಂಟಿದೆ, ಹಾಗಾದರೆ ಗಾಳಿಯ ಬಗ್ಗೆ ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಹಿಂದೊಮ್ಮೆ ಎದ್ದಾಗ, ಒಬ್ಬರೂ ಬಿಡದೆ ಎಲ್ಲರಿಗೂ ಒಂದೇ ನಂಟಿದ್ದರೆ ಸಭೆ ಒಟ್ಟಾಗಿ ಸಹಿ ಹಾಕಬಹುದೆಂದು ಕಟ್ಟಳೆಗೆ ಒಂದು ಸಾಲು ಸೇರಿಸಿದ್ದರು. ನೆಂಟರೇ ಇಲ್ಲದ ನಾನು ಇರುವ ತನಕ ಆ ಸಾಲಿನಿಂದ ಹುಣಸೆಮರದ ಬೀದಿಗೆ ಪ್ರಯೋಜನವಿರಲಿಲ್ಲ. ಈಗ ನನಗೂ ಅವರಿಗೂ ಸಮಾನವಾಗಿ ಇರಬಲ್ಲ ನಂಟು ಈ ಗಡಿಗೆಯೊಂದೇ. ದೇವೀರಮ್ಮನಿಗೆ ಆ ಸಾಲು ಗೊತ್ತಿತ್ತೋ, ಸುಮ್ಮನೆ ಸಿಟ್ಟಿಗೆ ತಂದಳೋ, ನಾನರಿಯೆ. ಸದಸ್ಯರು ಕಟ್ಟಳೆಯ ಪುಸ್ತಕವನ್ನೂ ಲೋಟವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಾರೆ.

"ನನಗೆ ಸ್ವಲ್ಪ ನೆಗಡಿ," ಎಂದರು ಒಬ್ಬರು.

"ಶುಂಠಿ ಹಾಕಿದ್ದೀನಿ, ಕುಡಿಯಪ್ಪ," ಎಂದಳು ದೇವೀರಮ್ಮ. "ಮೂರು ವರ್ಷದ ಕೂಸು ಕುಡೀತದೆ. ನಿನಗೇನು ಧಾಡಿ?"

ಈ ನಡುವೆಯೇ ನಿಮ್ಮಲ್ಲಿ ಒಂದು ಸಣ್ಣ ಉಪಕಾರ ಕೇಳುತ್ತೇನೆ. ದೊಡ್ಡದೇನಲ್ಲ, ನಿಮ್ಮ ಕಾಲದ ಬಾಮೈದಂದಿರನ್ನೆಲ್ಲ ತಿದ್ದಿ ಎನ್ನುತ್ತಿಲ್ಲ. ಈಗ ನಿಮ್ಮ ಕಡೆ ಹುಣಸೆಮರದ ಬೀದಿಯಲ್ಲಿ ರಸ್ತೆ ಅಗೆದಿದೆ, ಗುಂಡಿ ಇನ್ನೂ ಮುಚ್ಚಿಲ್ಲ. ಎಂಜಿನಿಯರರು ಗೃಹಪ್ರವೇಶದ ಊಟಕ್ಕೆ ಹೋಗಿದ್ದಾರೆ, ಕೂಲಿಯವರು ಮಾತ್ರ ಇದ್ದಾರೆ. ನೀವು ಆ ದಾರಿಯಲ್ಲಿ ಹೋಗುವವರಾದರೆ, ಕುಡಿಯುವ ನೀರಿನ ಕೊಳವೆಯನ್ನು ಬೀದಿಯ ಆಚೆ ಮಗ್ಗುಲಿಗೆ ಹಾಕಿ ಎಂದು ಅವರಿಗೊಂದು ಮಾತು ಹೇಳಿ. ನೀವು ಯಾರ ಕಡೆಯವರು ಎಂದು ಖಂಡಿತ ಕೇಳುತ್ತಾರೆ. ಯಾರ ಕಡೆಯವರೂ ಅಲ್ಲ, ನೀರು ಕುಡಿಯುವವರು ಎನ್ನಿ.

ಸ್ವಲ್ಪ ಬೇಗ ಹೋದರೆ ಒಳ್ಳೆಯದು. ಆಯುಕ್ತರು ಲೋಟ ಎತ್ತಿಕೊಂಡಿದ್ದಾರೆ.

ಇತಿ,
ಮುದ್ದುರಂಗ,
ನಿನ್ನೆಯವರೆಗೆ ಒಂಟಿಗ