ದಾದಿಮಾಗೆ ಹೋದ ಮೊದಲ ಕಾರ್ಡು

೭೮೬
ಚಳ್ಳಕೆರೆ,
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ದಾದಿಮಾ,

ಅಸ್ಸಲಾಮು ಅಲೈಕುಮ್. ಮೊಣಕಾಲು ನೋವು ಹೇಗಿದೆ? ಚಳಿ ಶುರುವಾಗಿದೆ, ಬೆಳಗಿನ ನಮಾಜಿಗೆ ತಣ್ಣೀರಿನಲ್ಲಿ ವಜೂ ಮಾಡಬೇಡಿ, ನೀರು ಕಾಯಿಸಿಕೊಡಲು ಚಾಚಿಗೆ ಹೇಳಿ. ನಾನು ಫೋನ್ ಮಾಡಿದಾಗಲೆಲ್ಲ ನೀವು ಅದನ್ನು ಮುಸರತ್ ಕೈಗೆ ಕೊಟ್ಟು ಎದ್ದು ಹೋಗುತ್ತೀರಿ, ಅದಕ್ಕೇ ಈ ಕಾಗದ. ನಾನು ಬರೆಯುವುದು ಕನ್ನಡದಲ್ಲಿ, ನೀವು ಓದುವುದು ಉರ್ದುವಿನಲ್ಲಿ. ನಡುವೆ ಚಾಚಾನ ಮಗಳು ಮುಸರತ್ ಕೂತು ನಮ್ಮ ಮನೆಮಾತಿಗೆ ತಿರುಗಿಸಿ ಹೇಳಬೇಕು. ಮೊಮ್ಮಗಳು ಸ್ವಂತ ದಾದಿಗೆ ಬರೆದ ಕಾಗದಕ್ಕೂ ಇನ್ನೊಬ್ಬರ ಬಾಯಿ ಬೇಕಾಯಿತಲ್ಲ ಎಂದು ಬರೆಯುವಾಗಲೇ ನಾಚಿಕೆಯಾಗುತ್ತಿದೆ. ಮುಸರತ್, ನಗಬೇಡ, ಇದ್ದದ್ದನ್ನು ಇದ್ದ ಹಾಗೆ ಓದು.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಬ್ಬಾ ಟೈರ್ ಅಂಗಡಿಗೆ ಬಂದವರಿಗೆಲ್ಲ ಟೀ ಕುಡಿಸಿ ನನ್ನ ಮದುವೆಗೆ ಬಾಯಿಮಾತಿನಲ್ಲೇ ಕರೆಯುತ್ತಿದ್ದಾರೆ. ದೇವಸಮುದ್ರದ ಕಾಮಣ್ಣನವರು ಟ್ರ್ಯಾಕ್ಟರ್ ಟೈರಿಗೆಂದು ಬಂದವರು, 'ಬಾಯಲ್ಲಿ ಕರೆದ್ರೆ ಬರಲ್ಲ ಸಾಬ್ರೇ, ಕಾರ್ಡು ಕೊಡ್ರಿ' ಎಂದು ರೇಗಿಸಿ ಹೋದರು. ಅಬ್ಬಾ ನಕ್ಕರು, ಒಳಗೆ ಕೂತಿದ್ದ ನನಗೆ ನಗು ಬರಲಿಲ್ಲ.

ಕಾರ್ಡಿನ ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ನಿಶ್ಚಿತಾರ್ಥದ ದಿನ ಇಮ್ರಾನ್ ಅವರ ಅಮ್ಮ, 'ಹುಡುಗಿಗೆ ಉರ್ದು ಓದೋಕೆ ಬರುತ್ತಾ?' ಎಂದು ಕೇಳಿದ್ದು ನಿಮಗೂ ನೆನಪಿರಬೇಕು. ನಾನು ತಲೆ ತಗ್ಗಿಸಿ, 'ದಾದಿಮಾ ಕಲಿಸಿದ್ದಾರೆ' ಎಂದೆ. ನೀವು ಕಲಿಸಿದ್ದು ನಿಜ, ನಾನು ಕಲಿತದ್ದು ಸುಳ್ಳು. ಬೇಸಿಗೆ ರಜೆಗೆ ಮೊಳಕಾಲ್ಮುರಿಗೆ ಬಂದಾಗ ನೀವು ಜಗಲಿಯ ಮೇಲೆ ಬೀದಿಯ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ಹಲಗೆ ಕೊಡುತ್ತಿದ್ದಿರಿ, ನಾನು ಮಗ್ಗ ನೋಡುವ ನೆಪದಲ್ಲಿ ಗೀತಮ್ಮನವರ ಮನೆಗೆ ಪರಾರಿಯಾಗುತ್ತಿದ್ದೆ. ಖುರಾನ್ ಷರೀಫನ್ನು ಅಕ್ಷರದ ಮೇಲೆ ಕೆಳಗೆ ಇರುವ ಜೇರ್ ಜಬರ್ ಸ್ವರಗುರುತು ಹಿಡಿದು ಓದಬಲ್ಲೆ. ಆ ಗುರುತುಗಳಿಲ್ಲದ ಉರ್ದು ಬರಹ ಕಂಡರೆ ಮಾತ್ರ ಕಣ್ಣು ಕಟ್ಟಿದಂತಾಗುತ್ತದೆ. ಅದನ್ನು ಆ ದಿನ ಹೇಳಿಬಿಡಬಹುದಿತ್ತು. ಹೊಸ ಬಳೆ, ಹೊಸ ಸೀರೆ, ಸುತ್ತ ಅಷ್ಟು ಜನ, ಸುಳ್ಳೇ ಸುಲಭವಾಯಿತು.

ಅಬ್ಬಾ ಕಾರ್ಡು ಕನ್ನಡದಲ್ಲಿದ್ದರೆ ಸಾಕು ಎಂದರು. ನಾನೇ ಹಟ ಮಾಡಿ ಒಂದು ಕಡೆ ಉರ್ದು ಇರಲೇಬೇಕು, ಮೊದಲ ಕಾರ್ಡು ದಾದಿಮಾ ಕೈಗೆ ಹೋಗುತ್ತದೆ, ಅವರು ಓದಬೇಕು ಎಂದೆ. ಇಮ್ರಾನ್‌ಗೆ ಆ ಮಾತು ಬಹಳ ಹಿಡಿಸಿತು. ತಮ್ಮ ಗ್ಯಾರೇಜಿಗೆ ಅರ್ಧ ದಿನ ಬೀಗ ಹಾಕಿ ಬಂದರು, ಅಮ್ಮಿ ಕಾವಲಿಗೆ ಬಂದರು, ಮೂವರೂ ಮುರುಗೇಶಣ್ಣನ ಪ್ರೆಸ್ಸಿಗೆ ಹೋದೆವು. ಹಸಿರೋ ಕೆಂಪೋ, ಚಂದ್ರನ ಚಿತ್ರ ಬೇಕೋ ಬೇಡವೋ, ಲಕೋಟೆಗೆ ಜರಿ ಅಂಚು ಇರಲೋ ಎಂದು ಇಬ್ಬರೂ ಎಷ್ಟು ಖುಷಿಯಲ್ಲಿ ಕಿತ್ತಾಡಿದೆವು ಗೊತ್ತಾ? ಮೊಳಕಾಲ್ಮುರು ಸೀರೆಯ ಸೆರಗಿನಂಥ ಅಂಚು ಬೇಕೆಂದು ನಾನು ಗೆದ್ದೆ. ನಾಲ್ಕು ದಿನ ಬಿಟ್ಟು ಮಾದರಿ ನೋಡಲು ಕರೆದರು. ಮುರುಗೇಶಣ್ಣ ಕಂಪ್ಯೂಟರ್ ತಿರುಗಿಸಿ, 'ಉರ್ದು ನಮಗೆ ಬರಲ್ಲಪ್ಪ. ದಾವಣಗೆರೆಯಲ್ಲಿ ಟೈಪ್ ಮಾಡ್ಸಿ ತರ್ಸಿದ್ದನ್ನ ಹಂಗೇ ಕೂರ್ಸೀನಿ. ಇಬ್ರೂ ಓದಿ, ಸರಿ ಐತೆ ಅಂದ್ಮೇಲೇ ಅಚ್ಚಿಗೆ ಹಾಕ್ತೀನಿ' ಎಂದರು.

ಇಮ್ರಾನ್ ಬಲದಿಂದ ಎಡಕ್ಕೆ ನಿಧಾನವಾಗಿ ಬೆರಳಾಡಿಸುತ್ತ ಹೋದರು. ಎಷ್ಟು ಚೆನ್ನಾಗಿ ಓದುತ್ತಾರಲ್ಲ ಎಂದುಕೊಂಡೆ. ನನಗೆ ಬರುವುದಿಲ್ಲವೆಂದು ಅವರೆದುರು ಹೇಗೆ ಹೇಳಲಿ? ನಾನೂ ಬಗ್ಗಿ, ಸಾಲಿನಿಂದ ಸಾಲಿಗೆ ಕಣ್ಣು ಓಡಿಸಿದೆ. ನಾನು ತಲೆಯಾಡಿಸಿದ್ದು ನೋಡಿ ಅವರು 'ಸರಿ ಐತೆ ಅಣ್ಣ' ಎಂದರು. ನಾನೂ 'ಹ್ಞೂ, ಸರಿ ಐತೆ' ಎಂದೆ. ಅವರಿಗೂ ಓದಲು ಬರುವುದಿಲ್ಲ ದಾದಿಮಾ. ಅವರು ನನ್ನನ್ನು ನಂಬಿ ಸರಿ ಎಂದದ್ದು, ನಾನು ಅವರನ್ನು ನಂಬಿ.

ಮುಂದಿನದು ನಿಮಗೇ ಗೊತ್ತು. ಚಾಚಾ ಕಾರ್ಡು ತಂದುಕೊಟ್ಟಾಗ ನೀವು ಕನ್ನಡಕ ಹಾಕಿಕೊಂಡು, ಗೀತಮ್ಮನವರನ್ನೂ ಪಕ್ಕದ ಮನೆಯವರನ್ನೂ ಕರೆದು ಕೂರಿಸಿ, ನಮ್ಮ ತಬಸ್ಸುಮ್‌ಳದು ಎಂದು ದೊಡ್ಡ ದನಿಯಲ್ಲಿ ಓದಲು ಹಿಡಿದಿರಂತೆ. ಅದರಲ್ಲಿ ನಾನೂ ಇರಲಿಲ್ಲ, ಅಬ್ಬಾನೂ ಇರಲಿಲ್ಲ. ಹರಿಹರದ ಯಾವುದೋ ಹುಡುಗಿಯ, ಹೋದ ವರ್ಷದ ಮದುವೆಯಿತ್ತು. ದಾವಣಗೆರೆಯಿಂದ ಹಳೆಯ ಕಾರ್ಡಿನ ಬರಹವೇ ಹಾಗೇ ಬಂದುಬಿಟ್ಟಿತ್ತು. ನೀವು ಮಧ್ಯದಲ್ಲೇ ನಿಲ್ಲಿಸಿ ಕಾರ್ಡನ್ನು ಚಾಚಾಗೆ ವಾಪಸು ಕೊಟ್ಟು, 'ಈ ಮದುವೆ ಆಗ್ಲೇ ಆಗಿಹೋಗೈತೆ, ನನ್ನನ್ನ್ಯಾಕೆ ಕರೀತೀರಿ?' ಎಂದಿರಂತೆ. ನಿಮ್ಮ ಖುಷಿಗೆಂದು ಮಾಡಿಸಿದ್ದು, ಅಷ್ಟು ಜನರ ಮುಂದೆ ನಿಮ್ಮ ಮುಖ ಸಣ್ಣದು ಮಾಡಿತು.

ಇನ್ನೂ ಕೆಟ್ಟದ್ದು ಆಮೇಲೆ ನಡೆಯಿತು. ಅಬ್ಬಾ ಪ್ರೆಸ್ಸಿಗೆ ಹೋಗಿ ಮುರುಗೇಶಣ್ಣನ ಮೇಲೆ ಕೂಗಾಡಿದರು. ಆ ಮನುಷ್ಯ ನಮ್ಮಿಬ್ಬರ ಹೆಸರೆತ್ತದೆ, 'ಬೇರೆ ಮಾಡ್ಕೊಡ್ತೀನಿ ಬಿಡ್ರಿ' ಎಂದಿದ್ದಾರೆ. ಅಬ್ಬಾ ಮನೆಗೆ ಬಂದು ಅಮ್ಮಿಗೆ ಅದನ್ನೆಲ್ಲ ಹೇಳುವಾಗ ನಾನು ಬಾಗಿಲ ಹಿಂದೆ ನಿಂತು ಕೇಳಿ, ಏನೂ ಗೊತ್ತಿಲ್ಲದವಳಂತೆ ಒಳಗೆ ಹೋದೆ. ನಿನ್ನೆ ತಡೆಯಲಾರದೆ ಇಮ್ರಾನ್‌ಗೆ ಫೋನ್ ಮಾಡಿ ನನ್ನ ಗುಟ್ಟು ಹೇಳಿದೆ, ಅವರು ತಮ್ಮದು ಹೇಳಿದರು. ಇಬ್ಬರೂ ಅಬ್ಬಾನ ಮುಂದೆ ಒಪ್ಪಿಕೊಂಡು, ಅವರ ಜೊತೆಗೇ ಪ್ರೆಸ್ಸಿಗೆ ಹೋಗಿ ಮಾಫಿ ಕೇಳಿದೆವು. ಮುರುಗೇಶಣ್ಣ, 'ಹೋಗ್ಲಿ ಬಿಡವ್ವ, ಈಗ ಉರ್ದು ಯಾರು ಓದ್ತಾರೆ?' ಎಂದರು. ಸಮಾಧಾನಕ್ಕೆ ಹೇಳಿದ್ದು ಪಾಪ. ಅಬ್ಬಾ ಬೈದದ್ದಕ್ಕಿಂತ ನನ್ನನ್ನು ಅದೇ ಹೆಚ್ಚು ನೋಯಿಸಿತು.

ಚಾಚಿಗೆ ಸಲಾಮ್, ಗೀತಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಅವರ ಮಗ್ಗದ ಪಕ್ಕ ಅವಿತುಕೊಳ್ಳುತ್ತಿದ್ದೆನೆಂದು ಈಗ ಹೇಳಿದರೂ ಅಡ್ಡಿಯಿಲ್ಲ. ನಿಮ್ಮ ದುವಾದಲ್ಲಿ ನನಗಿನ್ನೂ ಜಾಗವಿದೆ ಎಂದು ನಂಬಿದ್ದೇನೆ.

ತಲೆ ಎತ್ತಲಾಗದ ನಿಮ್ಮ ಮೊಮ್ಮಗಳು,
ತಬಸ್ಸುಮ್

ಮರೆತೆ: ಚಾಚಾ ಮೊಳಕಾಲ್ಮುರು ಬಸ್ಸಿಗೆ ಹೊರಟು ನಿಂತಿದ್ದಾರೆ, ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಹೊಸ ಕಾರ್ಡಿನಲ್ಲಿ ಉರ್ದುವಿನ ಕಡೆಯನ್ನು ಖಾಲಿ ಬಿಡಿಸಿದ್ದೇನೆ. ಅದನ್ನು ನಿಮ್ಮ ಕೈಬರಹದಲ್ಲೇ ಅಚ್ಚು ಹಾಕಿಸೋಣ ಎಂದು ಇಮ್ರಾನ್ ಹೇಳುತ್ತಾರೆ. ಒಂದು ಹಾಳೆಯಲ್ಲಿ ಬರೆದು ಕೊಡುತ್ತೀರಾ? ಅವರ ಅಮ್ಮನಿಗೂ ನಿಜ ಹೇಳಿಬಿಟ್ಟೆ. 'ಹಾಗಾದ್ರೆ ಮುಂದೆ ಮಕ್ಕಳಿಗೆ ಯಾರು ಕಲಿಸ್ತಾರೆ?' ಎಂದರು. ದಾದಿಮಾ ಮೊದಲು ನನಗೆ ಕಲಿಸುತ್ತಾರೆ ಎಂದೆ, ನಿಮ್ಮನ್ನು ಕೇಳದೆಯೇ. ಕೆಳಗೆ ಒಂದು ಸಾಲನ್ನು ಉರ್ದುವಿನಲ್ಲಿ ನನ್ನ ಕೈಯಾರೆ ಬರೆದಿದ್ದೇನೆ. ಅದರಲ್ಲಿ ನಿಮ್ಮ ಹೆಸರಿದೆ, ನನ್ನ ಹೆಸರಿದೆ, ಮದುವೆಗೆ ಬನ್ನಿ ಎಂದಿದೆ. ತಪ್ಪಿದ್ದರೆ ಕಿವಿ ಹಿಂಡಲಿಕ್ಕಾದರೂ ನೀವು ಬರಲೇಬೇಕು. ಮುಸರತ್, ಇಲ್ಲಿಗೆ ನಿಲ್ಲಿಸು, ಮುಂದಿನದು ನಿನಗೂ ಓದಲು ಬರುವುದಿಲ್ಲ. ಕಾಗದವನ್ನು ದಾದಿಮಾ ಕೈಗೆ ಕೊಡು.