ಹಾಲಿನೊಂದಿಗೆ ಗುಳಿಗೆ

ವಡಾಲ, ೧೪-೨-೧೯೭೭

ಸೋಮಕ್ಕನವರಿಗೆ ನಾಗವ್ವನ ನಮಸ್ಕಾರ.

ನಿಮ್ಮ ತಮ್ಮ ಭಾಂಡುಪಿನ ನಿಮ್ಮ ಮನೆಯಲ್ಲಿದ್ದ ಹದಿನೈದು ದಿನವೂ ಕೈನಡುಕದ ಗುಳಿಗೆಯನ್ನು ಹಾಲಿನೊಂದಿಗೇ ಕೊಟ್ಟಿರಿ. ಹಾಲು ಬೇಡವೆಂದು ನಾನು ಹೇಳಿಯೇ ಕಳಿಸಿದ್ದೆ. “ಗುಳಿಗಿ ಉಷ್ಣ ಮಾಡ್ತದ, ನಿನಗೇನ್ ತಿಳೀತದ” ಅಂದಿರಿ. ರಕ್ತದಿಂದ ಮಿದುಳಿಗೆ ಹೋಗಲು ಔಷಧಕ್ಕೂ ಹಾಲಿನ ಸತ್ವಕ್ಕೂ ಒಂದೇ ಬಾಗಿಲು, ಹಾಲು ಮೊದಲು ನುಗ್ಗಿದರೆ ಗುಳಿಗೆ ಹೊರಗೇ ನಿಲ್ಲುತ್ತದೆ ಎಂದು ಡಾಕ್ಟರರು ಹೇಳಿದ್ದರು. ಅವರಿಗೆ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲಾಗದಂತೆ ಮಾಡಿ, ನೆಂಟರೆದುರು ತುತ್ತು ಉಣಿಸುತ್ತಾ, ಹೆಂಡತಿ ನೋಡಿಕೊಳ್ಳಲಿಲ್ಲ ಎಂದು ಅತ್ತಿರಿ.

ರವಿವಾರ ಇಬ್ಬರೂ ಬರುತ್ತೇವೆ. ಇಲ್ಲಿಗೆ ಮರಳಿದಾಗಿನಿಂದ ಗುಳಿಗೆಯನ್ನು ನೀರಿನೊಂದಿಗೇ ಕೊಡುತ್ತಿದ್ದೇನೆ. ನೀವೂ ಒಂದು ಲೋಟ ನೀರು ಕೊಡಿ, ಸಾಕು. ತುತ್ತು ಉಣಿಸಬೇಡಿ.

ನನಗೆ ಬರೆಯಲು ಬರುವುದಿಲ್ಲ. ಇದನ್ನು ನಿಮ್ಮ ತಮ್ಮನ ಕೈಯಲ್ಲೇ ಬರೆಸಿದ್ದೇನೆ. ಅಕ್ಷರ ನೋಡಿ.

ನಾಗವ್ವ