ಕಟ್ಟಿಗೆ ಶೆಡ್ಡಿನ ಸೂರಿಗೆ ದೋಣಿ

ನನ್ನ ಹಠಮಾರಿ ಅಪ್ಪನಿಗೆ,

ನಿನ್ನ ಏಣಿ ಈಗ ನನ್ನ ಹೆಗಲ ಮೇಲಿದೆ. ಬೈಯಬೇಡ, ಮುರಿದ ಮೆಟ್ಟಿಲು ಬದಲಿಸಿದ್ದೇನೆ. ಮೊದಮೊದಲು ಮಂದಿ "ಹೆಣ್ಮಗಳು ಏಣಿ ಹತ್ತತಾಳಲ್ಲಪಾ" ಅಂತ ನಿಂತು ನೋಡುತ್ತಿದ್ದರು. ಈ ಬೇಸಿಗೆಯಲ್ಲಂತೂ ಫೋನಿನ ಮೇಲೆ ಫೋನು. ದೊಡ್ಡ ಮನೆಗಳ ಸೂರಿಗೆ ಮಳೆನೀರಿನ ದೋಣಿ ಕೂರಿಸುವವರು ಶಿರಸಿಯಲ್ಲಿ ಬೇಕಾದಷ್ಟು ಜನ. ಆಡಿನ ಕೊಟ್ಟಿಗೆ, ಕೋಳಿಗೂಡು, ಪಂಪಿನ ಮನೆ ಅಂದರೆ ಮಾತ್ರ ಅವರಿಗೆ ಪುರಸೊತ್ತಿರುವುದಿಲ್ಲ. ಅದೇ ನಮ್ಮ ಅನ್ನ ಅನ್ನುತ್ತಿದ್ದೆ ನೀನು. ಈಗಲೂ ಅದೇ.

ಮಂಚಿಕೇರಿ ಕಡೆ ಒಂದು ಆಡಿನ ಕೊಟ್ಟಿಗೆಗೆ ದೋಣಿ ಕಟ್ಟಿದ್ದು ನೆನಪಿದೆಯಾ? ಪೈಪನ್ನು ಉದ್ದಕ್ಕೆ ಸೀಳಿ, ನೂಲು ಹಿಡಿದು ನೀರಿಳಿಯುವ ವಾಟ ನೋಡಿ, ಪಟ್ಟಿ ಬಿಗಿದು ಮುಗಿಸಿದೆವು. ಆಮೇಲೆ ನಿನ್ನ ಪದ್ಧತಿ ಶುರುವಾಯಿತು. ಮೇಲ್ತುದಿಗೆ ಒಂದು ಚೊಂಬು ನೀರನ್ನು ಮನೆಯವರೇ ಹಾಕಬೇಕು, ಅದು ಎಲ್ಲೂ ನಿಲ್ಲದೆ ಕೆಳಗಿನ ಬಕೆಟ್ಟಿಗೆ ಬೀಳಬೇಕು. ಅಲ್ಲಿಯತನಕ ಏಣಿ ತೆಗೆಯುವವನಲ್ಲ ನೀನು. ಆ ಮನೆಯ ಅಜ್ಜಿ "ನೀವೇ ಹಾಕಿ ಮಾರಾಯ್ರೆ, ನಂಗೆ ಏಣಿ ಹತ್ತೂಕೆ ಆಗ್ತದಾ?" ಎಂದು ನಕ್ಕರೆ, ಬೆಂಚು ತರಿಸಿ, ಅವರನ್ನು ಅದರ ಮೇಲೆ ನಿಲ್ಲಿಸಿ ಹಾಕಿಸಿದೆ. ಅಷ್ಟು ಹಠ.

ಆ ಹಠಕ್ಕೇ ಅಲ್ಲವೇ, ನಮ್ಮ ಹಿತ್ತಲ ಕಟ್ಟಿಗೆ ಶೆಡ್ಡಿಗೆ ಮಾತ್ರ ನೀನು ದೋಣಿ ಕಟ್ಟದೆ ಬಿಟ್ಟದ್ದು? ಆ ಸೂರಿನ ನೀರೆಲ್ಲ ಗೋಡೆಯಾಚೆ ಕಾಕಾನ ಹಿತ್ತಲಿಗೆ ಬೀಳುತ್ತಿತ್ತು. ನಿನ್ನ ಒಡಹುಟ್ಟಿದ ತಮ್ಮ. ಮನೆ ಪಾಲಾದ ವರ್ಷ ಅವರು ಹಿರಿಯರ ಮುಂದೆ "ಇವನ ಸೂರಿನ ನೀರು ನನ್ನ ಕಡೆ ಬೀಳಬಾರದು" ಅಂದರಂತೆ. "ನನ್ನ ಹತ್ತಿರ ಹೇಳುವುದು ಬಿಟ್ಟು ಮಂದಿ ಮುಂದೆ ಹೇಳಿದನಲ್ಲ, ಬೀಳಲಿ" ಅಂದೆ ನೀನು. ಅಲ್ಲಿಗೆ ನಿಮ್ಮಿಬ್ಬರ ಮಾತು ನಿಂತಿತು. "ಊರ ಆಡು ಕೋಳಿಗೆಲ್ಲ ಮಾಡ್ತೀರಿ, ತಮ್ಮನ ಸಲುವಾಗಿ ಒಂದ್ ಪೈಪ್ ಕಟ್ಟಾಕ ಏನ್ ಧಾಡಿ?" ಅಂತ ಅವ್ವ ಎಷ್ಟು ಸಲ ಕೇಳಿದಳೋ. ನೀನು ಏಣಿ ಒರೆಸುತ್ತ ಕೂತಿರುತ್ತಿದ್ದೆ. ಗೋಡೆಯಾಚೆ ಇಣುಕಬಾರದೆಂದು ನನಗೂ ಕಟ್ಟಪ್ಪಣೆ ಬೇರೆ.

ನೀನು ಹೋದ ದಿನ ಕಾಕಾ ಬಂದಿದ್ದರು. ಅಂಗಳದಲ್ಲೇ ನಿಂತರು, ಮಣ್ಣು ಕೊಟ್ಟರು, ಹೋದರು. ಹೊಸ್ತಿಲು ದಾಟಲಿಲ್ಲ. ಈಗ ನಿನ್ನ ವರ್ಷದ ಪೂಜೆ ಹತ್ತಿರ ಬರುತ್ತಿದ್ದಂತೆ ಅವ್ವನಿಗೆ ಒಂದೇ ಕೊರಗು. "ತಮ್ಮ ಬಂದು ಎಡಿ ಮುಂದ ಕೂಡ್ರದ ಪೂಜಿ ಎಂಥಾ ಪೂಜಿ?" ಕರೆಯುವುದು ಹೇಗೆ? ಬರುವುದಿಲ್ಲ ಅಂದುಬಿಟ್ಟರೆ ಅವ್ವನ ಗತಿ... ಮೊದಲು ದೋಣಿ, ಆಮೇಲೆ ಕರೆ ಎಂದುಕೊಂಡೆ.

ಮೊನ್ನೆ ಭಾನುವಾರ, ಮುಂಗಾರು ಒಂದೆರಡು ಸಲ ಸುರಿದು ಬಿಡುವು ಕೊಟ್ಟಿತ್ತು. ಗೋಡೆಗೆ ಏಣಿ ಒರಗಿಸಿ, ಒಂದು ಹನಿಯೂ ಆಚೆ ಬೀಳದ ಹಾಗೆ, ನೀರೆಲ್ಲ ನಮ್ಮ ಹಿತ್ತಲಿಗೇ ಇಳಿಯುವಂತೆ ಪೈಪು ಕಟ್ಟತೊಡಗಿದೆ. ಸುತ್ತಿಗೆ ಸಪ್ಪಳಕ್ಕೆ ಕಾಕಾ ಹೊರಗೆ ಬಂದರು.

"ಏನ್ ಮಾಡಾಕತ್ತಿ?"

"ದೋಣಿ ಕಾಕಾ. ಇನ್ನ ನಿಮ್ಮ ಕಡೆ ಹನಿ ನೀರು ಬೀಳಂಗಿಲ್ಲ."

"ನೀರು ಬ್ಯಾಡ ಅಂತ ನಿನಗ ಯಾರ್ ಹೇಳಿದ್ರು?"

ಏಣಿಯಿಂದ ಬೀಳುವುದೊಂದು ಬಾಕಿ. ಆಗ ನೋಡಿದೆ ಅಪ್ಪಾ, ನಿನ್ನ ಅಪ್ಪಣೆ ಮೀರಿ, ಗೋಡೆಯಾಚೆ. ನಮ್ಮ ಸೂರಿನ ಉದ್ದಕ್ಕೂ ಹಳೇ ಹೆಂಚು ಹಾಸಿದ ಕಾಲುವೆ. ಅದರ ಪಕ್ಕ ಕಾಕಿಯ ಕೆಸುವಿನ ಮಡಿ, ಎಲೆಗಳು ಮೊರದಗಲ. ತುದಿಯಲ್ಲೊಂದು ತೊಟ್ಟಿ. ಮಳೆಗಾಲದಲ್ಲಿ ಆಚೆಯಿಂದ ಪತ್ರೊಡೆಯ ವಾಸನೆ ಬಂದರೆ ನೀನು ಮೂಗರಳಿಸುತ್ತಿದ್ದೆಯಲ್ಲ? ನಮ್ಮದೇ ಸೂರಿನ ನೀರು ಕುಡಿದ ಕೆಸು ಅದು!

"ನಿಮ್ಮಪ್ಪ ಎಲ್ಲಿ ದೋಣಿ ಕಟ್ಟಿಬಿಡ್ತಾನೋ ಅಂತ ವರ್ಷಾ ವರ್ಷಾ ಹೆದರಿಕಿ ನನಗ" ಅಂದರು ಕಾಕಾ.

"ಹಂಗಾದ್ರ ಒಂದ್ ಮಾತು ಹೇಳಬಾರದಿತ್ತಾ?"

"ಹೆಂಗ ಹೇಳ್ಲಿ? ಮಂದಿ ಮುಂದ ಬ್ಯಾಡ ಅಂದಾಂವ ನಾನ."

ನಗು ಬಂತು, ಹಿಂದೆಯೇ ಅಳುವೂ ಬಂತು. ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ಅಣ್ಣ ತಮ್ಮ ಸೇರಿ ಎಂಥ ಚಂದದ ಹುಚ್ಚಾಟ ಆಡಿದಿರಿ!

ಪಟ್ಟಿಗಳನ್ನೆಲ್ಲ ಬಿಚ್ಚಿದೆ. ಕಾಕಾ ಆಚೆಯಿಂದ ನೂಲಿನ ತುದಿ ಹಿಡಿದರು. ನೀರು ಅವರ ತೊಟ್ಟಿಗೆ ಇಳಿಯುವ ಹಾಗೆ ಹೊಸದಾಗಿ ವಾಟ ಕೊಟ್ಟು ಕಟ್ಟಿದೆ. "ಮೊದಲನೇ ಚೊಂಬು ನೀವು ಹಾಕಬೇಕು ಕಾಕಾ, ಅಪ್ಪನ ಪದ್ಧತಿ" ಅಂದೆ. ಮೇಲ್ತುದಿ ಇರುವುದು ನಮ್ಮ ಹಿತ್ತಲಲ್ಲಿ. ಅಲ್ಲಿಗೆ ನಮ್ಮ ಮನೆಯೊಳಗಿಂದಲ್ಲದೆ ಬೇರೆ ದಾರಿಯಿಲ್ಲ. ಕಾಕಾ ನೂಲು ಕೆಳಗಿಟ್ಟು ತಮ್ಮ ಮನೆಯೊಳಗೆ ಹೋಗಿಬಿಟ್ಟರು. ಕೆಡಿಸಿದೆನಲ್ಲಪ್ಪಾ ಅಂದುಕೊಂಡೆ.

ಆಮೇಲೆ ನಮ್ಮ ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. "ಬರ್ರಿ" ಅಂದಳು ಅವ್ವ. ಅಷ್ಟೇ. ಅಡುಗೆಮನೆಯಿಂದ ಚೊಂಬು ತುಂಬಿ ತಂದು ಅವರ ಕೈಗಿಟ್ಟಳು. ನಾನು ಏಣಿ ಹಿಡಿದೆ, ಅವರು ಹತ್ತಿ ನೀರು ಹಾಕಿದರು. "ಬಂತು, ಬಂತು!" ಅಂತ ಆಚೆಯಿಂದ ಕಾಕಿ ಕೂಗಿದಳು. ಕಾಕಾ ಕೆಳಗಿಳಿಯಲಿಲ್ಲ. ಆ ಪೈಪಿನ ಮೇಲೆ ಕೈಯಾಡಿಸುತ್ತ ಅಲ್ಲೇ ನಿಂತಿದ್ದರು.

ನಾಡಿದ್ದು ನಿನ್ನ ಪೂಜೆ. ಕಾಕಾ ಬರುತ್ತಾರೆ. ಎಡೆಗೆ ಪತ್ರೊಡೆ ಕಾಕಿಯದು. ಈ ಸಲವಾದರೂ ಹಠ ಮಾಡದೆ ಉಣ್ಣಪ್ಪಾ.

ನಿನ್ನ ಮಗಳು
ಗಿರಿಜಾ